ಡಾಕ್ಟರು ಬೇಕೆಂಬ ಒಂದು ಸಾಲು

“ಬುದ್ಧಿ, ನಾವೇ ಆರಿಸುತ್ತೇವೆ, ಆಮೇಲೆ ನಾವೇ ತಲೆ ಚಚ್ಚಿಕೊಳ್ಳುತ್ತೇವೆ. ನೆಟ್ಟಗಿರುವವನೊಬ್ಬ ನಮಗೆ ಯಾಕೆ ಸಿಗುವುದಿಲ್ಲ?” ಎಂದು ಶಿಷ್ಯ ನಿಜಗುಣ ಕೇಳಿದ.

ಅದು ಮಠದ ದಾಸೋಹದ ಉಸ್ತುವಾರಿಯ ವಿಷಯ. ಶಿಷ್ಯರು ತಮ್ಮಲ್ಲೇ ಒಬ್ಬನನ್ನು ಆರಿಸಿ ಆ ಕೆಲಸಕ್ಕೆ ಕೂರಿಸುವುದು ಅಲ್ಲಿಯ ರೂಢಿ. ಎರಡು ವರ್ಷದಲ್ಲಿ ನಾಲ್ವರು ಬಂದು ಹೋಗಿದ್ದರು, ಐದನೆಯವನು ಕುಳಿತು ಒಂದು ತಿಂಗಳಾಗಿತ್ತು. ನಿಜಗುಣ ಐದನೆಯವನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾ ಹೋದ. ಗುರುಗಳು ಹನ್ನೊಂದನೆಯ ತಪ್ಪಿನವರೆಗೆ ಕೇಳಿದರು. ಹನ್ನೆರಡಕ್ಕೆ ಕೈ ಎತ್ತಿ, ಸಾಕು ಮಾರಾಯ, ಕೂತುಕೋ, ಒಂದು ಕತೆ ಹೇಳುತ್ತೇನೆ, ಮುಗಿಯುವವರೆಗೆ ಬಾಯಿ ಹಾಕಬೇಡ ಎಂದು ಶುರು ಮಾಡಿದರು.

ಒಂದು ಕ್ಷೇತ್ರವಿತ್ತು. ಯಾವುದು ಅಂತ ಕೇಳಬೇಡ, ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಅಲ್ಲಿಯ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನೊಬ್ಬ ಕೂರುತ್ತಿದ್ದ. ದುಂಡನೆಯ ಅಕ್ಷರ, ಗಟ್ಟಿ ಗಂಟಲು. ಓದು ಬರಹ ಬಂದವರೂ ಅರ್ಜಿಗೆ ಇವನ ಹತ್ತಿರವೇ ಬರುತ್ತಿದ್ದರು.

ಆ ಊರಲ್ಲಿ ಒಂದು ಪದ್ಧತಿ. ಶಾಸಕರಾಗಿ ಗೆದ್ದವರು ಮೊದಲ ಸಲ ಊರಿಗೆ ಬಂದ ದಿನ ಬಸ್ ಸ್ಟ್ಯಾಂಡಿನ ಮುಂದೆ ಶಾಮಿಯಾನ ಹಾಕಿಸುವುದು, ಶಾಲು ಹೊದಿಸುವುದು, ಹಣ್ಣಿನ ಬುಟ್ಟಿ ಕೊಡುವುದು, ಆಮೇಲೆ ಇಡೀ ಊರಿನ ಪರವಾಗಿ ಒಂದೇ ಒಂದು ಅರ್ಜಿಯನ್ನು ಮೈಕಿನಲ್ಲಿ ಓದಿ ಅವರ ಕೈಗೆ ಕೊಡುವುದು. ಐದು ವರ್ಷಕ್ಕೆ ಒಂದೇ ಅರ್ಜಿ. ಬರೆಯುವವನೂ ಇವನೇ, ಓದುವವನೂ ಇವನೇ.

ಮೊದಲನೆಯ ಶಾಸಕರಿಗೆ ಕೊಟ್ಟ ಅರ್ಜಿ ಒಂದೇ ಸಾಲಿನದು. ನಮ್ಮ ಊರಿಗೆ ಒಂದು ಆಸ್ಪತ್ರೆ ಬೇಕು, ಅದರಲ್ಲಿ ಒಬ್ಬ ಡಾಕ್ಟರು ಬೇಕು. ಅಷ್ಟೇ. ಆ ಶಾಸಕರು ಆಸ್ಪತ್ರೆ ಕಟ್ಟಿಸಿದರು. ಗೋಡೆ ಎದ್ದಿತು, ಹೆಂಚು ಬಂತು, ಒಬ್ಬ ನರ್ಸಮ್ಮನೂ ಬಂದರು. ಡಾಕ್ಟರು ಬರುವಷ್ಟರಲ್ಲಿ ಅವರ ಅವಧಿ ಮುಗಿಯಿತು. ಮತ್ತೆ ಅವರನ್ನೇ ಗೆಲ್ಲಿಸಿದ್ದರೆ ಡಾಕ್ಟರೂ ಬರುತ್ತಿದ್ದರೇನೋ. ಆದರೆ ಜನರಿಗೆ ಅವರ ಮೇಲೆ ಬೇರೊಂದು ಸಿಟ್ಟಿತ್ತು. ಆ ಮನುಷ್ಯ ರಾಜಧಾನಿಯಲ್ಲೇ ಇರುತ್ತಾನೆ, ಊರಿಗೆ ಮುಖ ತೋರಿಸುವುದಿಲ್ಲ ಎಂಬ ಸಿಟ್ಟು.

ಹಾಗಾಗಿ ಎರಡನೆಯ ಸಲ ಮುಖ ತೋರಿಸುವವರನ್ನೇ ಆರಿಸಿದರು. ಶಾಮಿಯಾನದ ದಿನ ಅರ್ಜಿ ಬರೆಯುವವನು ಡಾಕ್ಟರ ಸಾಲಿನ ಹಿಂದೆ ಇನ್ನೊಂದು ಸಾಲು ಸೇರಿಸಿದ. ಹಿಂದಿನವರ ಹಾಗೆ ತಾವು ರಾಜಧಾನಿಯಲ್ಲೇ ಕೂರಬಾರದು ಎಂದು. ಡಾಕ್ಟರ ಸಾಲು ಓದಿದಾಗ ಜನ ಬೀಡಿ ಹಚ್ಚುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು. ಈ ಹೊಸ ಸಾಲು ಓದಿದ್ದೇ ತಡ, ಚಪ್ಪಾಳೆಯೇ ಚಪ್ಪಾಳೆ. ಹಿಂದಿನಿಂದ ಸಿಳ್ಳೆಯೂ ಬಂತು. ಅರ್ಜಿ ಬರೆದು ಚಪ್ಪಾಳೆ ಗಿಟ್ಟಿಸಿದವರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಅವನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಎರಡನೆಯವರು ಮುಖ ತೋರಿಸಿದರು, ಇಲ್ಲವೆನ್ನುವ ಹಾಗಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಯಾವುದನ್ನೂ ಬಿಡಲಿಲ್ಲ. ಮೊದಲ ಪಂಕ್ತಿಯಲ್ಲೇ ಕೂತು ಉಂಡರು. ವಿಧಾನಸಭೆಗೆ ಹೋಗಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಹೋದ ಒಂದೆರಡು ದಿನವೂ ಬಾಯಿ ಬಿಡಲಿಲ್ಲ.

ಜನ ರೋಸಿಹೋದರು. ಬಾಯಿ ಇರುವವನನ್ನು ಕಳಿಸೋಣ ಎಂದು ಮೂರನೆಯ ಸಲ ಒಬ್ಬ ಭಾಷಣಕಾರನನ್ನು ಗೆಲ್ಲಿಸಿದರು. ಈ ಸಲ ಅರ್ಜಿ ಬರೆಯುವವನು ಹಿಂದಿನವರ ತಪ್ಪನ್ನೇ ಮುಂದಕ್ಕೆ ತಂದ, ಡಾಕ್ಟರನ್ನು ಹಿಂದಕ್ಕೆ ಹಾಕಿದ. ಮೊದಲು ಜನರನ್ನು ಹಿಡಿದಿಟ್ಟುಕೊಂಡರೆ ಆಮೇಲೆ ಡಾಕ್ಟರ ಮಾತು ಕಿವಿಗೆ ಬೀಳುತ್ತದೆ ಎಂಬುದು ಅವನ ಲೆಕ್ಕಾಚಾರ. ಭಾಷಣಕಾರರು ಸದನದಲ್ಲಿ ಕೂಗಿದ್ದೇ ಕೂಗಿದ್ದು, ಕೊನೆಗೆ ಕಾಗದ ಹರಿದು ಸಭಾಧ್ಯಕ್ಷರ ಕಡೆಗೇ ಎಸೆದರು. ಅವರನ್ನು ಸದನದಿಂದ ಹೊರಗೆ ಹಾಕಿದರು. ಒಳಗೆ ಬಿಟ್ಟ ದಿನ ಮತ್ತೆ ಹರಿದರು, ಮತ್ತೆ ಹೊರಗೆ ಹಾಕಿದರು. ಐದು ವರ್ಷ ಇದೇ ಆಯಿತು.

ನಾಲ್ಕನೆಯವರು ಶಾಂತಸ್ವಭಾವದ ಹಿರಿಯರು. ಯಾಕೆ ಅವರು ಅಂತ ನೀನೇ ಊಹಿಸು. ಅವರು ಸದನದಲ್ಲಿ ನಿದ್ದೆ ಮಾಡಿದರು, ಬಾಯಿ ತೆರೆದ ಫೋಟೋ ಪತ್ರಿಕೆಯಲ್ಲಿ ಬಂತು. ಐದನೆಯವನು ಕಣ್ಣು ಮಿಟುಕಿಸದ ಚುರುಕಿನ ಯುವಕ. ಆಸ್ಪತ್ರೆಗೆ ಎರಡು ಸಲ ಸುಣ್ಣ ಹೊಡೆಸಿದ, ಗೇಟಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ತನ್ನ ಹೆಸರು ಬರೆಸಿದ. ಸುಣ್ಣ ಹೊಡೆದವನು ಅವನ ಬಾಮೈದ. ರಸ್ತೆ ಮಾಡಿದವನೂ ಅದೇ ಬಾಮೈದ. ಸರ್ಕಾರಿ ಕಾರಿನಲ್ಲಿ ತಿರುಗಿದವನೂ ಅವನೇ. ಆಸ್ಪತ್ರೆಯ ಒಳಗೆ ನರ್ಸಮ್ಮ ಒಬ್ಬರೇ ಕುಳಿತಿದ್ದರು. ಅವರಿಗೂ ತಲೆ ನರೆತಿತ್ತು.

ಜನರಿಗೆ ಸಾಕೋ ಸಾಕಾಯಿತು. ಬಾಮೈದನಿಲ್ಲದವರು ಯಾರಿದ್ದಾರೆ ನೋಡಿ ಎಂದು ಹುಡುಕಿದರು. ಹೆಣ್ಣುಮಕ್ಕಳ ಹೈಸ್ಕೂಲಿನಿಂದ ನಿವೃತ್ತರಾದ ಹೆಡ್ ಮೇಡಂ ಸಿಕ್ಕಿದರು. ಮದುವೆಯಾಗಿರಲಿಲ್ಲ, ಹಿಂದೆ ಮುಂದೆ ಯಾರೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹೆಂಗಸು ಎಂದು ಊರಿಗೆಲ್ಲ ಗೊತ್ತಿತ್ತು. ಭಾರಿ ಅಂತರದಲ್ಲಿ ಗೆದ್ದರು.

ಆ ಸಲದ ಅರ್ಜಿ ಬರೆಯಲು ಊರಿನ ಹಿರಿಯರೆಲ್ಲ ಬಂದು ಕೂತರು. ಒಬ್ಬ ಮೊದಲನೆಯವರ ತಪ್ಪು ಹೇಳಿದ, ಇನ್ನೊಬ್ಬ ನಾಲ್ಕನೆಯವರ ತಪ್ಪು ಹೇಳಿದ. ಬಾಮೈದನ ವಿಷಯ ಬಂದಾಗಲಂತೂ ಎಲ್ಲರೂ ಒಟ್ಟಿಗೇ ಮಾತಾಡಿದರು. ಇವನು ಬೆವರು ಒರೆಸಿಕೊಂಡು ಬರೆದ. ನಾಲ್ಕು ಹಾಳೆ, ಎರಡೂ ಮಗ್ಗುಲು. ಕೊನೆಗೆ ‘ಇಂತಿ ತಮ್ಮ ವಿಧೇಯರು’ ಎಂದು ಬರೆಯುವುದಕ್ಕೂ ಅಂಚಿನಲ್ಲಿ ಜಾಗ ಮಾಡಿಕೊಳ್ಳಬೇಕಾಯಿತು. ಶಾಮಿಯಾನದಲ್ಲಿ ಅರ್ಧ ಗಂಟೆ ಓದಿದ. ಅಂಥ ಚಪ್ಪಾಳೆ ಆ ಬಸ್ ಸ್ಟ್ಯಾಂಡು ಕಂಡೇ ಇರಲಿಲ್ಲ.

ಈ ಅರ್ಜಿ ಬರೆಯುವವನಿಗೆ ಒಬ್ಬಳೇ ಮಗಳು. ದೂರದ ದೊಡ್ಡ ಊರಿಗೆ ಕೊಟ್ಟಿದ್ದ. ಮೇಡಂ ಗೆದ್ದ ವರ್ಷವೇ ಅವಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಕರೆತರಲು ಹೋದ. ಬೀಗಿತ್ತಿ ಬೇಡವೆಂದರು. ಇಲ್ಲಿ ಮನೆಯ ಹಿಂದೆಯೇ ಆಸ್ಪತ್ರೆಯಿದೆ, ಲೇಡಿ ಡಾಕ್ಟರಿದ್ದಾರೆ, ನಿಮ್ಮ ಊರಲ್ಲಿ ಏನಿದೆ ಎಂದರು. ಇವನಿಗೆ ಅವಮಾನವಾಯಿತು. ನಮ್ಮ ಮೇಡಂ ಅಂಥಿಂಥವರಲ್ಲ, ಇನ್ನೆರಡು ತಿಂಗಳಲ್ಲಿ ನಮ್ಮಲ್ಲೂ ಡಾಕ್ಟರು ಬರುತ್ತಾರೆ, ಅರ್ಜಿ ಕೊಟ್ಟವನೇ ನಾನು ಎಂದು ಎದೆ ತಟ್ಟಿಕೊಂಡು ಮಗಳನ್ನು ಕರೆತಂದ.

ಎರಡು ತಿಂಗಳಾಯಿತು. ಡಾಕ್ಟರು ಬರಲಿಲ್ಲ. ಒಂದು ಬೆಳಿಗ್ಗೆ ನರ್ಸಮ್ಮ ಮಗಳ ಹೊಟ್ಟೆ ಮುಟ್ಟಿ ನೋಡಿ ಇವನನ್ನು ಪಕ್ಕಕ್ಕೆ ಕರೆದರು. ಮಗು ಅಡ್ಡ ತಿರುಗಿದೆ, ನೋವು ಆಗಲೇ ಶುರುವಾಗಿದೆ, ಇದು ನನ್ನ ಕೈಲಾಗುವ ಹೆರಿಗೆಯಲ್ಲ ಎಂದರು. ಇವನಿಗೆ ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಸಿಟ್ಟು ಬಂತು. ಮಗಳು ಒಳಗೆ ನರಳುತ್ತಿದ್ದಾಳೆ, ಆ ಮೇಡಂ ಹಾಯಾಗಿ ಕೂತಿದ್ದಾಳೆ, ಈ ಶಾಸಕರೆಲ್ಲ ಒಂದೇ ಥರ ಎಂದು ಬೈದುಕೊಳ್ಳುತ್ತಾ ನೇರವಾಗಿ ಮೇಡಂ ಮನೆಗೆ ನುಗ್ಗಿದ.

ಮೇಡಂ ಅವನ ಕೂಗಾಟವನ್ನೆಲ್ಲ ಕೇಳಿದರು. ಎದ್ದು ಹೋಗಿ ಒಂದು ಫೈಲು ತಂದರು. ಒಳಗೆ ಅವನದೇ ಅರ್ಜಿ. ಪ್ರತಿ ಸಾಲಿನ ಪಕ್ಕ ಕೆಂಪು ಪೆನ್ನಿನ ಗುರುತು, ಪರೀಕ್ಷೆಯ ಪೇಪರು ತಿದ್ದಿದ ಹಾಗೆ.

“ನೀವು ಬರೆದದ್ದನ್ನೆಲ್ಲ ಪಾಲಿಸಿದ್ದೇನೆ. ಯಾವುದು ಉಳಿದಿದೆ, ನೀವೇ ಓದಿ ಹೇಳಿ.”

ಅವನು ಓದತೊಡಗಿದ. ಶಾಮಿಯಾನದ ಗಂಟಲೇ ಬಂತು. ರಾಜಧಾನಿಯಲ್ಲೇ ಕೂರಬಾರದು, ಕರೆದ ಮದುವೆಗೆಲ್ಲ ಹೋಗಬಾರದು, ಸದನದಲ್ಲಿ ಕಾಗದ ಹರಿಯಬಾರದು. ಎರಡನೆಯ ಹಾಳೆಗೆ ಗಂಟಲು ತಗ್ಗಿತು. ನಿದ್ದೆ ಮಾಡಬಾರದು, ಗೋಡೆಯ ಮೇಲೆ ಹೆಸರು ಬರೆಸಬಾರದು. ಮೂರನೆಯ ಹಾಳೆಯನ್ನು ಮನಸ್ಸಿನಲ್ಲೇ ಓದಿದ. ನಾಲ್ಕನೆಯದನ್ನು ಬೆರಳಿಟ್ಟು ಹುಡುಕಿದ. ಮಗುಚಿದ, ಮತ್ತೆ ಮೊದಲಿನಿಂದ ಹುಡುಕಿದ. ಡಾಕ್ಟರು ಎಂಬ ಮಾತು ಎಲ್ಲೂ ಇರಲಿಲ್ಲ. ಆ ನಾಲ್ಕು ಹಾಳೆಯಲ್ಲಿ ಬೇಕು ಎಂಬ ಮಾತೇ ಇರಲಿಲ್ಲ.

ಇಲ್ಲಿ ನಿಜಗುಣನಿಗೆ ತಡೆಯಲಾಗಲಿಲ್ಲ. “ಆಯಮ್ಮ ತಾನಾಗಿಯೇ ಹೋಗಿ ಆಸ್ಪತ್ರೆ ನೋಡಬೇಕಿತ್ತಲ್ಲ ಬುದ್ಧಿ?” ಎಂದ.

“ನೋಡಬೇಕಿತ್ತು. ಅದನ್ನೂ ಮುಂದಿನ ಅರ್ಜಿಯಲ್ಲಿ ಬರೆದುಕೊಳ್ಳಪ್ಪ” ಎಂದು ಗುರುಗಳು ಹಣೆ ಉಜ್ಜಿಕೊಂಡು ಕತೆ ಮುಂದುವರಿಸಿದರು.

ಮೇಡಮ್ಮಿಗೂ ಮುಖ ಸಣ್ಣದಾಯಿತು. ದಾಖಲೆಯಲ್ಲಿ ಪಕ್ಕದ ತಾಲ್ಲೂಕಿನ ಡಾಕ್ಟರೇ ನಮ್ಮ ಆಸ್ಪತ್ರೆಯನ್ನೂ ನೋಡಿಕೊಳ್ಳುತ್ತಾರೆ ಅಂತ ಇತ್ತು, ಬರುತ್ತಿದ್ದಾರೆ ಅಂದುಕೊಂಡೆ, ಅವರು ಬರುವುದೇ ಇಲ್ಲ ಅಂತ ನನಗೆ ಯಾರೂ ಹೇಳಲಿಲ್ಲ ಎಂದರು. ಈಗ ಹುಡುಗಿಯನ್ನು ಲೇಡಿ ಡಾಕ್ಟರಿರುವ ಅವಳ ಗಂಡನ ಊರಿಗೆ ಮುಟ್ಟಿಸುವುದೊಂದೇ ದಾರಿ. ಬಾಗಿಲಲ್ಲೇ ಸರ್ಕಾರಿ ಕಾರು ನಿಂತಿತ್ತು. ಆದರೆ ಅರ್ಜಿಯ ಮೂರನೆಯ ಹಾಳೆಯಲ್ಲಿ, ಚಪ್ಪಾಳೆ ನಿಲ್ಲಲಿ ಎಂದು ಇವನು ಎರಡು ಸಲ ಓದುವುದನ್ನು ನಿಲ್ಲಿಸಿದ್ದ ಜಾಗದಲ್ಲಿ, ಸರ್ಕಾರಿ ಕಾರಿಗೆ ಬೇರೆ ಯಾರನ್ನೂ ಹತ್ತಿಸಬಾರದು ಎಂದು ಬರೆದಿತ್ತು. ಮೇಡಂ ಅವನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಅವರು ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, ಡ್ರೈವರನ್ನು ಕರೆದು, ತಾವೂ ಹುಡುಗಿಯ ಪಕ್ಕ ಕೂತು ಹೊರಟರು.

ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರು. ಲೇಡಿ ಡಾಕ್ಟರು ಒಂದು ಗಳಿಗೆಯೂ ತಡ ಮಾಡದೆ ಆಪರೇಷನ್ ಮಾಡಿದರು. ತಾಯಿ ಉಳಿದಳು, ಮಗುವೂ ಉಳಿಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ದಕ್ಕುತ್ತಿರಲಿಲ್ಲ ಎಂದರಂತೆ. ಬೀಗಿತ್ತಿ ಇವನಿಗೆ ಕಾಫಿ ತಂದು ಕೊಟ್ಟರು. ಅವನು ಅದನ್ನು ಪಕ್ಕಕ್ಕಿಟ್ಟ. ತನ್ನ ಕೈಯಾರೆ ಮಗಳನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತ.

ಊರಿಗೆ ಮರಳಿದರೆ ಅಲ್ಲಿ ಇನ್ನೊಂದು ರಾಮಾಯಣ. ಅವನ ಮೇಜಿನ ಸುತ್ತ ಅದೇ ಹಿರಿಯರು ಸೇರಿದ್ದರು. ಸುದ್ದಿ ಆಗಲೇ ಮುಟ್ಟಿತ್ತು. ಈಯಮ್ಮ ಬರೆದುಕೊಟ್ಟದ್ದನ್ನು ಮಾತ್ರ ಮಾಡುವವಳು, ಸ್ವಂತ ಬುದ್ಧಿಯಿಲ್ಲ, ಸಾಲದ್ದಕ್ಕೆ ಸರ್ಕಾರಿ ಕಾರಿಗೆ ಇವನ ಮಗಳನ್ನು ಹತ್ತಿಸಿಕೊಂಡಳು, ಮುಂದಿನ ಸಲ ಇವಳು ಬೇಡವೇ ಬೇಡ ಎಂದು ತೀರ್ಮಾನ ಮಾಡಿಯಾಗಿತ್ತು. ಮುಂದಿನವರಿಗೆ ಕೊಡುವ ಅರ್ಜಿಯನ್ನು ಈಗಲೇ ಬರೆದಿಡು, ಬಿಸಿ ಇರುವಾಗಲೇ ಚೆನ್ನಾಗಿ ಬರುತ್ತದೆ ಎಂದರು.

ಅವನು ಹೊಸ ಹಾಳೆ ತೆಗೆದುಕೊಂಡ. ನಮ್ಮ ಆಸ್ಪತ್ರೆಗೆ ಒಬ್ಬ ಡಾಕ್ಟರು ಬೇಕು ಎಂದು ಬರೆದ, ಕೆಳಗೆ ತನ್ನ ಹೆಸರು ಬರೆದ, ಪೆನ್ನು ಮುಚ್ಚಿದ. ಮುಂದಿನವರಿಗೆ ಕಾಯುವುದು ಯಾಕೆ, ಇದನ್ನು ಈಗಲೇ ಮೇಡಮ್ಮಿಗೆ ಕೊಡೋಣ, ಎಲ್ಲರೂ ರುಜು ಹಾಕಿ ಎಂದು ಕೈ ಮುಗಿದ.

ಹಿರಿಯರಲ್ಲಿ ಒಬ್ಬ ಹಾಳೆಯನ್ನು ಎತ್ತಿ ನೋಡಿದ, ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿಯೂ ನೋಡಿದ. “ಇಷ್ಟೇನಾ? ಇದಕ್ಕೆ ಯಾರು ಚಪ್ಪಾಳೆ ಹೊಡೀತಾರೆ?” ಎಂದ. ಒಬ್ಬನೂ ರುಜು ಹಾಕಲಿಲ್ಲ. ಇವನಿಗೆ ವಯಸ್ಸಾಯಿತು, ಕೈ ಸೋತಿದೆ ಎಂದು ಮಾತಾಡಿಕೊಂಡು, ಕಚೇರಿಯ ಆ ಮಗ್ಗುಲಲ್ಲಿ ಕೂರುವ ಇನ್ನೊಬ್ಬ ಅರ್ಜಿ ಬರೆಯುವವನ ಹತ್ತಿರ ಹೋದರು. ಇವನು ಒಂದೇ ರುಜುವಿನ ಹಾಳೆಯನ್ನು ಮಡಿಸಿಕೊಂಡು ಮೇಡಂ ಮನೆಯ ದಾರಿ ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ನಿಟ್ಟುಸಿರು ಬಿಟ್ಟ. ಎಂಥ ಜನ, ಎಂಥ ಜನ ಎಂದು ತಲೆಯಾಡಿಸಿದ. ಅವರಿಗೆ ಅಷ್ಟೂ ತಿಳಿಯಲಿಲ್ಲವಲ್ಲ ಎಂದು ಮರುಗಿದ. ಆಮೇಲೆ, ಅದು ಆ ಕ್ಷೇತ್ರದ ಮಾತಾಯಿತು, ನಮ್ಮ ಐದನೆಯವನನ್ನಂತೂ ಈ ವಾರವೇ ಇಳಿಸಿಬಿಡುತ್ತೇವೆ ಎಂದ.

“ಇಳಿಸು, ಬೇಡ ಅನ್ನುವುದಿಲ್ಲ, ಆರನೆಯವನು ಬಂದು ಏನು ಮಾಡಬೇಕು, ಅದೊಂದು ಹೇಳು” ಎಂದರು ಗುರುಗಳು.

ನಿಜಗುಣ ಬಾಯಿ ತೆರೆದ. ಐದನೆಯವನ ಹನ್ನೆರಡನೆಯ ತಪ್ಪು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ದಾಸೋಹಕ್ಕೆ ಏನು ಬೇಕು ಎಂದು ಮೊದಲಿನಿಂದ ಯೋಚಿಸತೊಡಗಿದ.