ಮಂಕಾಳಿಯ ಹೆಗಲು

ಕಡಗೇರಿ ಬಂದರಿಗೆ ಬಂದವರು ದೀಪಸ್ತಂಭ ಹತ್ತುತ್ತಾರೆ, ದೋಣಿಯಲ್ಲಿ ಒಂದು ಸುತ್ತು ಹೋಗಿಬರುತ್ತಾರೆ, ಹುರಿದ ಬಂಗುಡೆ ತಿಂದು ಸೂರ್ಯಾಸ್ತ ನೋಡಲು ಕೋಟೆಯ ಏರು ಹಿಡಿಯುತ್ತಾರೆ. ಏರು ಮುಗಿಯುವಲ್ಲಿ, ಕೋಟೆಬಾಗಿಲಿಗೆ ಎದುರಾಗಿ, ಎರಡು ನಿಲುಗಲ್ಲುಗಳ ಮೇಲೆ ಅಡ್ಡ ಹಾಸಿದ ಒಂದು ಚಪ್ಪಡಿಯಿದೆ. ಕೆತ್ತನೆಯಿಲ್ಲ, ಶಾಸನವಿಲ್ಲ, ನೋಡಲು ಅಂಥ ಚಂದವೂ ಅಲ್ಲ. ಅದನ್ನು ಮಂಕಾಳಿಯ ಹೆಗಲು ಎನ್ನುತ್ತಾರೆ.

ಹಿಂದೆ, ಕೋಟೆಯಲ್ಲಿ ಇನ್ನೂ ದಂಡು ಇದ್ದ ಕಾಲದಲ್ಲಿ, ದೋಣಿಗಳಿಂದ ಇಳಿದ ಉಪ್ಪಿನ ಮೂಟೆಗಳನ್ನು ಮೇಲಕ್ಕೆ ಹೊರುತ್ತಿದ್ದವರು ಹೆಂಗಸರು. ತಲೆಯ ಮೇಲಿನ ಆ ಭಾರವನ್ನು ಒಬ್ಬಳೇ ಇಳಿಸಲಾಗದು. ಹೊರುವವಳ ಜೊತೆ ಬರಿಗೈಯವಳೊಬ್ಬಳು ನಡೆಯಬೇಕು. ಏರಿನಲ್ಲಿ ಮೂಟೆ ಕೆಡವಿದವಳಿಗೆ ಮತ್ತೆಂದೂ ಬಂದರಿನಲ್ಲಿ ಕೆಲಸವಿಲ್ಲ. ಮಂಕಾಳಿ ಮತ್ತು ಅವಳ ವಾರಗಿತ್ತಿ ತುಳಸು ಹೀಗೆ ಸರದಿಯ ಮೇಲೆ ಹೊತ್ತು ವರ್ಷಗಟ್ಟಲೆ ಸಂಸಾರ ತೂಗಿಸಿದರು. ಒಂದು ದಿನ ಮೀನಿನ ತಲೆ ಯಾರ ಮಕ್ಕಳಿಗೆ ಎಂಬುದಕ್ಕೆ ಮಾತಿಗೆ ಮಾತು ಬೆಳೆದು ಮಾತನ್ನೇ ಬಿಟ್ಟರು. ಮರುದಿನ "ಇವತ್ತು ನಿನ್ನ ಸರದಿ" ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಇಬ್ಬರೂ ಮೂಟೆ ಹೊರಿಸಿಕೊಂಡು, ಮುಖ ಊದಿಸಿಕೊಂಡು ಏರು ಹತ್ತಿದರು.

ಮೇಲೆ ಬಂದರೆ ಬಾಗಿಲು ಹಾಕಿದೆ. ಕಾವಲಿನವರು ಊಟಕ್ಕೆ ಹೋಗಿದ್ದಾರೆ. ಸುಡುಸುಡು ಮಧ್ಯಾಹ್ನ, ಇಳಿಸಿಕೊಳ್ಳುವ ಕೈ ಒಂದೂ ಇಲ್ಲ. ಮಂಕಾಳಿಗೆ ಸಾಕುಸಾಕಾಗಿತ್ತು. ಇಪ್ಪತ್ತು ವರ್ಷ ಹತ್ತಿದ ಏರೆಲ್ಲ ಅಂದೇ ಕುತ್ತಿಗೆಯ ಮೇಲೆ ಕೂತಂತಿತ್ತು. ಆದರೂ ತುಳಸುವೇ ಮೊದಲು ಬಾಯಿಬಿಡಲಿ ಎಂಬ ಹಟ! ಬಹಳ ಹೊತ್ತಿನ ಮೇಲೆ ಪಕ್ಕದಿಂದ ಸಣ್ಣ ದನಿ ಬಂತು: "ಅಕ್ಕಾ, ಕಣ್ಣು ಕತ್ತಲೆ ಬರ್ತದೆ. ಇನ್ನು ನಂಗೆ ಆಗೂದಿಲ್ಲ." ಗೆದ್ದೆನೆಂಬ ಖುಷಿ ಮಂಕಾಳಿಗೆ ಒಂದು ಗಳಿಗೆಯೂ ಉಳಿಯಲಿಲ್ಲ. ತುಳಸುವಿನ ಮೂಟೆ ಆಗಲೇ ಒಂದು ಕಡೆಗೆ ವಾಲುತ್ತಿತ್ತು. ಇಬ್ಬರೂ ಕೆಡವಿದರೆ ಮನೆಯಲ್ಲಿ ಒಲೆ ಉರಿಯದು. ಅವಳದನ್ನು ಹಿಡಿಯಬೇಕೆಂದರೆ ತನ್ನ ಕೈ ಬಿಡುವಾಗಬೇಕು. "ನಿಲ್ಲೇ ಹುಚ್ಚಿ, ಇನ್ನೊಂದು ಚೂರು ನಿಲ್ಲು" ಎಂದವಳೇ ತನ್ನ ಮೂಟೆಯನ್ನು ಬಂಡೆಯ ಮೇಲೆ ಕೆಡವಿ, ಓಡಿ ತುಳಸುವಿನದನ್ನು ಇಳಿಸಿಕೊಂಡಳು. ಮಂಕಾಳಿಯ ಉಪ್ಪು ಇಳಿಜಾರಿನುದ್ದಕ್ಕೂ ಚೆಲ್ಲಿತು. ಅವಳ ಕೆಲಸವೂ ಅಲ್ಲಿಗೆ ಮುಗಿಯಿತು.

ಅಂದಿನಿಂದ ತುಳಸು ಇಬ್ಬರ ಮಕ್ಕಳ ಹೊಟ್ಟೆಗೂ ಹೊತ್ತಳು. ಮಂಕಾಳಿ ದಿನವೂ ಏರಿನ ತುದಿಯಲ್ಲಿ ಬರಿಗೈಯಲ್ಲಿ ಕೂತು, ಬಂದವರೆಲ್ಲರ ಹೊರೆ ಇಳಿಸಿಕೊಟ್ಟಳು. ಅವಳು ತೀರಿಕೊಂಡ ವರ್ಷ ತುಳಸು ಅದೇ ಜಾಗದಲ್ಲಿ, ತಲೆಹೊರೆಯನ್ನು ಒಬ್ಬಳೇ ಜಾರಿಸಿ ಇಡಲು ಬರುವಂತೆ, ಈ ಚಪ್ಪಡಿ ನಿಲ್ಲಿಸಿದಳು. ಎತ್ತರ ಎಷ್ಟಿರಲಿ ಎಂದು ಕಲ್ಲುಕುಟಿಗ ಕೇಳಿದ್ದಕ್ಕೆ ತನ್ನ ಕಿವಿಯ ಬಳಿ ಕೈಯಿಟ್ಟು, "ಅಕ್ಕನ ಹೆಗಲು ಇಲ್ಲಿಗೆ ಬರ್ತಿತ್ತು" ಎಂದಳಂತೆ.

ಈಗಿನವರು ಏದುಸಿರು ಬಿಡುತ್ತ ಬಂದು, ಬೆನ್ನಿನ ಚೀಲವನ್ನು ಅದರ ಮೇಲಿಟ್ಟು, ಅಬ್ಬಾ ಎನ್ನುತ್ತಾರೆ. ಇದು ಯಾರ ಹೆಗಲು ಎಂದು ಕೇಳುವುದಿಲ್ಲ. ಹೋಗಲಿ ಬಿಡಿ, ಮಂಕಾಳಿಯೂ ಯಾರ ಹೊರೆ ಎಂದು ಕೇಳಿ ಇಳಿಸಿದವಳಲ್ಲ.