ಗುಲಾಬಿ ರುಮಾಲಿನ ದಂಡು

ಮಹಾನವಮಿಯ ಬೆಳಿಗ್ಗೆ ಹೊನ್ನೂರುಗಡದ ದಂಡು ಅರಮನೆಯ ಮುಂದೆ ಸಾಲುಗಟ್ಟಿ ನಿಂತಿತು. ಮುನ್ನೂರು ಸಿಪಾಯಿಗಳು, ಮುನ್ನೂರು ರುಮಾಲು. ಎಲ್ಲವೂ ಗುಲಾಬಿ ಬಣ್ಣ!

"ಇದೇನು ದಂಡೋ, ಮದುವೆ ದಿಬ್ಬಣವೋ? ಬಿಚ್ಚಿಸಿ ರುಮಾಲು!" ರಾಜ ವೀರಮಲ್ಲ ಗುಡುಗಿದ. ಮುನ್ನೂರು ರುಮಾಲೂ ನೆಲಕ್ಕಿಳಿದವು.

ದಳಪತಿ ಭರಮನಾಯಕ ಮುಂದೆ ಬಂದ. ಆಳು ಎತ್ತರ, ಬಾಯಿ ಅದಕ್ಕಿಂತ ಜೋರು. "ಬಣ್ಣಗಾರ್ತಿ ಸಿದ್ದವ್ವನ ಕೆಲಸ, ಪ್ರಭು! ನನ್ನ ರುಮಾಲಿಗೆ ಕಚ್ಚಾ ಕೆಂಪು ಹಾಕಿಕೊಟ್ಟಳು. ಒಗೆಯುವಾಗ ಬಿಳಿ ರುಮಾಲಿಗೆಲ್ಲ ಹತ್ತಿತು."

ಸಿದ್ದವ್ವ ಕೈಮುಗಿದಳು. "ಎಪ್ಪಾ, ಅದು ಕುಸುಬಿ ಹೂವಿನ ಬಣ್ಣ. ಬಿಳಿ ಅರಿವಿ ಜೋಡಿ ನೆನೆಸಬ್ಯಾಡ್ರಿ ಅಂತ ಮೂರು ಸಲ ಹೇಳಿದ್ನಿರಿ."

"ಸುಳ್ಳು! ಹೆಂಗಸರ ಬಣ್ಣ ಹಚ್ಚಿ ನಮ್ಮ ಮಾನ ಕಳೆದಳು. ಊರು ಬಿಡಿಸಿ!" ಎಂದ ನಾಯಕ.

"ಮದಿವಿ ಗಂಡಿನ ರುಮಾಲೂ ಇದ ಬಣ್ಣರೀ..." ಎಂದಳು ಸಿದ್ದವ್ವ. ಯಾರು ಕೇಳುತ್ತಾರೆ?

ವಿದೂಷಕ ಸೂರಪ್ಪಯ್ಯ ಸಿದ್ದವ್ವನತ್ತ ನೋಡಿದ. ಈ ವಯಸ್ಸಿನಲ್ಲಿ ಮುದುಕಿ ಬಣ್ಣದ ಹಂಡೆ ಹೊತ್ತುಕೊಂಡು ಎಲ್ಲಿಗೆ ಹೋದಾಳು?

"ನಾಯಕರ ಮಾತು ನ್ಯಾಯ," ಎನ್ನುತ್ತ ಅವನು ಎದ್ದ. "ಆದರೆ ಹಚ್ಚಿದವಳಿಗೆ ಶಿಕ್ಷೆಯಾದರೆ ಆ ಬಣ್ಣ ಮೈಮೇಲೆ ಇಟ್ಟುಕೊಂಡವನಿಗೂ ಆಗಬೇಡವೇ?"

"ಆಗಲಿ!" ನಾಯಕ ಎದೆ ತಟ್ಟಿಕೊಂಡ. "ಇನ್ನು ಮುಂದೆ ಯಾವ ಗಂಡಸಿನ ಮೈಯಲ್ಲಿ ಎಳ್ಳಷ್ಟು ಗುಲಾಬಿ ಕಂಡರೂ ಅವನೂ ಇವಳ ಹಿಂದೆಯೇ ಊರು ಬಿಡಲಿ. ಯಾರೇ ಆಗಲಿ!"

"ಆಜ್ಞೆಯಾಯಿತು," ಎಂದ ರಾಜ.

"ಊರಿಗೆಲ್ಲ ಕೇಳುವಂತೆ ಸಾರಿಬಿಡಿ, ನಾಯಕರೇ," ಎಂದ ಸೂರಪ್ಪಯ್ಯ.

ನಾಯಕ ಬಾಯಿ ಅಗಲಿಸಿ "ಕೇ...ಳಿ...ರೋ..." ಎಂದದ್ದೇ ತಡ, ಸೂರಪ್ಪಯ್ಯ ಅದರೊಳಗೆ ಇಣುಕಿದ.

"ಅಯ್ಯಯ್ಯೋ ಪ್ರಭು, ಸಿಕ್ಕಿತು! ನಾಲಿಗೆ ಗುಲಾಬಿ, ಒಸಡು ಗುಲಾಬಿ! ಸಿದ್ದವ್ವನ ಹಂಡೆಯೂ ಇಷ್ಟು ಚೆಂದ ಬಣ್ಣ ಕೊಡುವುದಿಲ್ಲ!"

ನಾಯಕ ಟಪ್ಪನೆ ಬಾಯಿ ಮುಚ್ಚಿದ. ಅವನ ಹಿಂದೆಯೇ ಸಭೆಯ ಬಾಯಿಗಳೆಲ್ಲ ಟಪಟಪ ಮುಚ್ಚಿಕೊಂಡವು. ಮಂತ್ರಿ ತಾಂಬೂಲದ ತಟ್ಟೆಗೆ ಕೈಹಾಕಿ, ಬಾಯಿ ಬೇಗ ಕೆಂಪಾಗಲೆಂದು ಐದು ಎಲೆ ಒಟ್ಟಿಗೆ ತುರುಕಿಕೊಂಡ. ಪುರೋಹಿತರು ತಟ್ಟೆಯನ್ನೇ ಎಳೆದುಕೊಂಡರು.

"ಸಿದ್ದವ್ವ ಹೇಳಿದ್ದು ಸುಳ್ಳು ಎಂದಿರಲ್ಲ ನಾಯಕರೇ, ಇನ್ನೊಮ್ಮೆ ಬಾಯಿಬಿಟ್ಟು ಹೇಳಿ," ಎಂದ ಸೂರಪ್ಪಯ್ಯ, ತನ್ನ ಬಾಯಿಗೆ ಶಲ್ಯ ಅಡ್ಡ ಹಿಡಿದು.

ನಾಯಕನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಬಾಯಿ ಬಿಟ್ಟರೆ ಊರು ಬಿಡಬೇಕು!

"ನಿಜವಾದರೆ ತಲೆಯಾಡಿಸಿದರೂ ಸಾಕು. ಹೇಳಿದ್ದಳೇ?"

ತಲೆ ಮೆಲ್ಲಗೆ ಆಡಿತು.

"ಎಷ್ಟು ಸಲ?"

ಮೂರು ಸಲ ಆಡಿತು.

ರಾಜನಿಗೆ ತಡೆಯಲಾರದ ನಗು. ಬಾಯಿಗೆ ಎರಡೂ ಕೈ ಒತ್ತಿಕೊಂಡ. ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಬೆರಳ ಸಂದಿಯಿಂದಲೇ ಉಸುರಿದ: "ಸೂರಪ್ಪಯ್ಯ, ನಗದಿದ್ದರೆ ಸತ್ತೇಹೋಗುತ್ತೇನೆ! ಏನಾದರೂ ಮಾಡೋ!"

"ಮೊದಲು ಆಜ್ಞೆ ಹಿಂದಕ್ಕೆ ತೆಗೆದುಕೊಳ್ಳಿ ಪ್ರಭು, ಆಮೇಲೆ ನಗಿ. ಇಲ್ಲದಿದ್ದರೆ ಸಿದ್ದವ್ವನ ಹಂಡೆ ಹೊರಲು ತಾವೇ ಹೊರಡಬೇಕಾದೀತು!"

"ತೆಗೆದೆ!" ಎಂದು ರಾಜ ಕೈಬಿಟ್ಟು ನಕ್ಕ ನಗುವಿಗೆ ಕಿರುನಾಲಿಗೆಯೂ ಕಾಣಿಸಿತು. ಸಿಪಾಯಿಗಳು ನಗುತ್ತಲೇ ಮತ್ತೆ ರುಮಾಲು ಸುತ್ತಿಕೊಂಡರು. ರಾಜ ಸಿದ್ದವ್ವನಿಗೆ ಸೀರೆ ಉಡುಗೊರೆ ಕೊಟ್ಟು, ತನಗೂ ಅದೇ ಬಣ್ಣದ್ದೊಂದು ರುಮಾಲು ಬೇಕೆಂದ. ಭರಮನಾಯಕ ಮಾತ್ರ ಹಬ್ಬದೂಟದ ಹೋಳಿಗೆ ಬಡಿಸುವವರೆಗೂ ಬಾಯಿ ತೆರೆಯಲಿಲ್ಲ.