ಪಿಪ್ಪೊ ಭುಜ ತಟ್ಟಿದ ತಿರುವು

ಬಹಳ ಹಿಂದೆ ಸಿಸಿಲಿಯ ಬೆಟ್ಟದ ಒಂದೂರಲ್ಲಿ, ಒಂದೂರೇನು ಬಂತು, ನಾವು ಕೂತಿರೋ ಈ ಊರಲ್ಲೇ, ಕಲೋಜೆರೊ ಅಂತ ಒಬ್ಬ ಕಮ್ಮಾರ ಇದ್ದನಂತೆ. ರೇಸ್ ಕಾರು ಓಡಿಸೋದ್ರಲ್ಲಿ ಅವನನ್ನ ಮೀರಿಸೋರಿಲ್ಲ ಅಂತಾರೆ. ಒಂದ್ಸಲ ಬ್ರೇಕ್ ಕಿತ್ತುಹೋದಾಗ ಬೂಟಿನ ಹಿಮ್ಮಡಿ ನೆಲಕ್ಕೊತ್ತಿ ಕಾರು ನಿಲ್ಲಿಸಿದನಂತೆ. ನಾನಂತೂ ನಂಬೊಲ್ಲ, ನೀವು ಬೇಕಾದ್ರೆ ನಂಬಿ.

ಆಗಿನ ಕಾರಿಗೆ ಚಾವಣಿ ಇಲ್ಲ, ಬಾಗಿಲಿಲ್ಲ. ಓಡಿಸೋನ ಪಕ್ಕ ಒಬ್ಬ ಮೆಕ್ಯಾನಿಕ್ ಕೂತು ಕೈಪಂಪಲ್ಲಿ ಎಣ್ಣೆ ಒತ್ತಬೇಕು, ಹಿಂದೆ ನೋಡ್ತಿರಬೇಕು. ಹಿಂದಿನ ಕಾರು ದಾರಿ ಕೇಳಿದರೆ ಓಡಿಸೋನ ಭುಜ ತಟ್ಟಬೇಕು. ಆ ಸದ್ದಲ್ಲಿ ಬಾಯಿಮಾತು ಎಲ್ಲಿ ಕೇಳುತ್ತೆ? ತಟ್ಟಿದರೆ ದಾರಿ ಬಿಡಬೇಕು, ಅದು ಕಟ್ಟಳೆ. ಕಲೋಜೆರೊನ ಪಕ್ಕ ಕೂರುತ್ತಿದ್ದವನು ಅವನ ತಮ್ಮ ಪಿಪ್ಪೊ.

ಒಂದು ವರ್ಷ ರೇಸು ನಮ್ಮೂರ ಮೇಲೇ ಹಾದುಹೋಯ್ತಂತೆ. ತಮ್ಮ ಜೋಪಾನ ಅಂತ ಬೆಳಿಗ್ಗೆಯೇ ಹೇಳಿದ್ದ ತಾಯಿ, ಕಣಿವೆ ಪಕ್ಕದ ತಿರುವಲ್ಲಿ ನಿಂತಿದ್ದಳಂತೆ. ಧೂಳು ಅಂದ್ರೆ ಧೂಳು, ಪಕ್ಕದಲ್ಲಿ ಕೂತವನು ಕಂಡರೆ ಹೆಚ್ಚು. ಕಲೋಜೆರೊ ಎಲ್ಲರಿಗಿಂತ ಮುಂದೆ. ಮಿಲಾನಿನ ಸಿರಿವಂತನೊಬ್ಬನ ಕಾರು ಹಿಂದೆಯೇ ಅಟ್ಟಿಸಿಕೊಂಡು ಬಂತು. ಪಿಪ್ಪೊ ಭುಜ ತಟ್ಟಿದ. ಹುಟ್ಟಿದೂರಲ್ಲಿ, ಹೆತ್ತವಳ ಎದುರು ದಾರಿ ಬಿಡೋದಾ? ಪಿಪ್ಪೊ ಮತ್ತೆ ತಟ್ಟಿದ. ಇವನು ಆ ಕೈ ಕೊಡವಿಬಿಟ್ಟನಂತೆ. ತಿರುವಲ್ಲಿ ಹಿಂದಿನ ಕಾರು ತಗುಲಿ, ಇವರ ಕಾರು ಒಂದು ಪಕ್ಕ ಎದ್ದು ಧೊಪ್ಪಂತ ನೆಲಕ್ಕೆ ಬಿದ್ದು ಓಡಿತು. ಆಮೇಲೆ ಭುಜ ತಟ್ಟೋದು ನಿಂತಿತು. ತಮ್ಮ ಒಪ್ಪಿದ ಅಂದುಕೊಂಡನಂತೆ, ಅಯ್ಯೋ ಪಾಪಿ!

ಗೆದ್ದ, ಗೆಲ್ಲದೆ ಏನು! ಜನ ಹೆಗಲ ಮೇಲೆ ಹೊರೋಕೆ ಓಡಿಬಂದರಂತೆ.

"ಇಳಿಯೋ ಪಿಪ್ಪೊ, ಗೆದ್ವಿ ಕಣೋ!" ಅಂತ ತಿರುಗಿದರೆ ಸೀಟು ಖಾಲಿ.

ತಿರುವಿಗೆ ವಾಪಸು ಓಡಿಬಂದಾಗ, ಕಣಿವೆಯಿಂದ ಮೇಲೆ ತಂದ, ಉಸಿರು ನಿಂತಿದ್ದ ಪಿಪ್ಪೊನ ತಲೆ ತಾಯಿಯ ಮಡಿಲಲ್ಲಿತ್ತಂತೆ. ಅವಳು ಬೈಯಲಿಲ್ಲ, ಎದೆ ಬಡಕೊಳ್ಳಲಿಲ್ಲ. ಅವನು ತಟ್ಟಲಿಲ್ವಾ ಅಂತ ಕೇಳಿದಳಂತೆ. ತಟ್ಟಿದ ಅಂದನಂತೆ. ತಾಯಿ ಮಗನ ನಡುವೆ ಅದೇ ಕೊನೇ ಮಾತು.

ಆಮೇಲೂ ಅವನು ರೇಸಿಗೆ ಹೋದನಂತೆ, ಪಕ್ಕದಲ್ಲಿ ಯಾರನ್ನೂ ಕೂರಿಸದೆ. ಈ ತಿರುವು ಬಂದರೆ, ಹಿಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ, ಬದಿಗೆ ಸರಿದು ನಿಲ್ಲುತ್ತಿದ್ದನಂತೆ. ಮತ್ತೆಂದೂ ಗೆಲ್ಲಲಿಲ್ಲ.

ಇವತ್ತಿಗೂ ನಮ್ಮೂರ ಬಸ್ಸು ಅಲ್ಲಿ ಬದಿಗೆ ಸರಿದು ನಿಲ್ಲುತ್ತೆ. ಹಿಂದೆ ಕೂತವರು ಮುಂದಿನವರ ಭುಜ ತಟ್ಟುತ್ತಾರೆ, ತಟ್ಟಿಸಿಕೊಂಡವರು ತಿರುಗಿ ನೋಡಲೇಬೇಕು. ಕೊನೆಗೆ ಡ್ರೈವರೂ ತಿರುಗಿ ನೋಡ್ತಾನೆ. ಎಲ್ಲರೂ ಇದ್ದಾರೆ ಅಂತ ಗೊತ್ತಾದ ಮೇಲೇ ಬಸ್ಸು ಹೊರಡೋದು.